ಅಂಬಾಸಿಡರ್ ಎಷ್ಟು ಕೊಡುತ್ತೆ? ಟ್ಯೂನಿಂಗ್‌ನ ಒಂದು ಸಣ್ಣ ಇತಿಹಾಸ



1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಆಯ್ತು. ಇದು ನಿಮಗೆಲ್ಲ ಗೊತ್ತಿರೋದೇ. ಅದಾಗಿ ಹನ್ನೊಂದು ದಿನಕ್ಕೆ, ನವೆಂಬರ್ 12ರಂದು, ದೆಹಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿ ಹತ್ತಿ ಸಂಸತ್ತಿಗೆ ಹೋದ್ರು. ಪೆಟ್ರೋಲ್ ಬೆಲೆ ಏರಿಕೆ ವಿರುದ್ಧದ ಪ್ರತಿಭಟನೆ ಅದು. ಅಕ್ಟೋಬರ್‌ನಲ್ಲಿ ಅರಬ್ ದೇಶಗಳಿಗೂ ಇಸ್ರೇಲ್‌ಗೂ ಯುದ್ಧ ಶುರುವಾಗಿತ್ತು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ 1974ರ ಜನವರಿ ಹೊತ್ತಿಗೆ 11 ಡಾಲರ್ ದಾಟಿತು.

ಈಗ ಆ ಕಾಲದ ಒಬ್ಬ ಟ್ಯಾಕ್ಸಿ ಮಾಲೀಕನ ಜಾಗದಲ್ಲಿ ನಿಂತು ನೋಡಿ. ಕೈಯಲ್ಲಿರೋದು ಅಂಬಾಸಿಡರ್ ಅಥವಾ ಫಿಯೆಟ್. ಕಡಿಮೆ ಪೆಟ್ರೋಲ್ ಕುಡಿಯೋ ಬೇರೆ ಕಾರು ತಗೊಳ್ಳೋಣ ಅಂದ್ರೆ ಮಾರುಕಟ್ಟೆಯಲ್ಲಿ ಅಂಥದ್ದು ಇಲ್ಲ. ಲೈಸೆನ್ಸ್ ರಾಜ್ ಕಾಲ. ಇದ್ದ ಎರಡು ಮೂರು ಮಾಡೆಲ್‌ಗೇ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಕಾರು ಬದಲಾಯಿಸೋಕಾಗಲ್ಲ, ಪೆಟ್ರೋಲ್ ಬೆಲೆ ನಮ್ಮ ಕೈಯಲ್ಲಿಲ್ಲ. ಉಳಿದಿದ್ದು ಒಂದೇ ದಾರಿ: ಬಾನೆಟ್ ಎತ್ತೋದು.

ಇಂಧನದ ಕಷ್ಟ ನಮ್ಮ ಕಡೆಗೆ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್‌ಗೆ ರೇಷನ್ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡಿದ್ದವು. ಬಸ್ಸಿಗೆ ಒಂದು ಒಲೆಯಂಥ ಡ್ರಮ್ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸನ್ನು ಎಂಜಿನ್‌ಗೆ ಕೊಡ್ತಿದ್ರು. ಶಕ್ತಿ ಕಡಿಮೆ, ಏರು ಹತ್ತೋದು ಕಷ್ಟ, ಆದ್ರೆ ಬಸ್ಸು ಓಡ್ತಿತ್ತು. ಆಗ ಇಂಧನವನ್ನೇ ಬದಲಾಯಿಸಿದ್ರು. 1973ರಲ್ಲಿ ಇಂಧನ ಅದೇ ಪೆಟ್ರೋಲ್, ಅದನ್ನ ಪೋಲು ಮಾಡದೆ ಉರಿಸೋದು ಹೇಗೆ ಅನ್ನೋದೇ ಪ್ರಶ್ನೆ.

ಹಾಗಾದ್ರೆ ಟ್ಯೂನಿಂಗ್ ಅಂದ್ರೆ ಏನು? 1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಇವತ್ತಿನ ಕಾರಲ್ಲಿ ಈ ಲೆಕ್ಕವನ್ನ ಕಂಪ್ಯೂಟರ್ ಮಾಡುತ್ತೆ. 1489 ಸಿಸಿಯ ಹಳೆ ಅಂಬಾಸಿಡರ್‌ನಲ್ಲಿ ಮೆಕ್ಯಾನಿಕ್‌ನ ಕಿವಿ ಮಾಡ್ತಿತ್ತು. ಅದರ ಎಸ್‌ಯು ಕಾರ್ಬುರೇಟರ್‌ನಲ್ಲಿ ಒಂದು ಪಿಸ್ಟನ್ ಇರುತ್ತೆ. ಎಂಜಿನ್ ಬಿಸಿಯಾದ ಮೇಲೆ, ಐಡ್ಲಿಂಗ್‌ನಲ್ಲಿ, ಅದನ್ನ ಕೂದಲೆಳೆಯಷ್ಟು ಎತ್ತಬೇಕು. ಎಂಜಿನ್ ವೇಗ ಏರಿ ಅಲ್ಲೇ ನಿಂತ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಎಂಜಿನ್ ಕುಗ್ಗಿ ಆಫ್ ಆಗೋಕೆ ಬಂದ್ರೆ ಪೆಟ್ರೋಲ್ ಕಡಿಮೆ. ಸ್ವಲ್ಪ ಏರಿ ಮತ್ತೆ ಮೊದಲಿನ ಹಾಗೇ ಆದ್ರೆ ಸರಿ ಇದೆ. ಕೆಳಗಿನ ಜೆಟ್ ನಟ್ ಅನ್ನು ಮೇಲಕ್ಕೆ ತಿರುಗಿಸಿದ್ರೆ ಪೆಟ್ರೋಲ್ ಕಡಿಮೆ, ಕೆಳಕ್ಕೆ ತಿರುಗಿಸಿದ್ರೆ ಜಾಸ್ತಿ. ಅಷ್ಟೇ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡೋದು. ಮಸಿ ಹಿಡಿದು ಕಪ್ಪಾಗಿದ್ರೆ ಪೆಟ್ರೋಲ್ ಪೋಲಾಗ್ತಿದೆ. ಬಿಳಿಚಿಕೊಂಡಿದ್ರೆ ಪೆಟ್ರೋಲ್ ಸಾಲ್ತಿಲ್ಲ. ಕಂದು ಬಣ್ಣ ಇದ್ರೆ ನೆಮ್ಮದಿ. ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಗ್ಯಾಪ್ ಫೀಲರ್ ಗೇಜ್ ಹಾಕಿ ಸುಮಾರು 0.4 ಮಿ.ಮೀ.ಗೆ ಇಟ್ಟು, ಟೈಮಿಂಗ್ ಕೂರಿಸಬೇಕು. ಏರ್ ಫಿಲ್ಟರ್ ಕ್ಲೀನ್ ಮಾಡಿ, ಚಕ್ರ ಎತ್ತಿ ತಿರುಗಿಸಿ ಬ್ರೇಕ್ ಹಿಡ್ಕೊಂಡಿದೆಯಾ ನೋಡಿ, ಟೈರಿಗೆ ಗಾಳಿ ಹೊಡೀಬೇಕು. ಇದರಲ್ಲಿ ಯಾವುದೂ ಹೊಸ ಮೈಲೇಜ್ ಹುಟ್ಟಿಸಲ್ಲ. ಸೋರಿ ಹೋಗ್ತಿದ್ದನ್ನ ನಿಲ್ಲಿಸುತ್ತೆ.

ನಾನು ಬಿ.ಕಾಂ. ಓದಿದವನು, ಲೆಕ್ಕ ಬಿಡಲ್ಲ. ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೋಗಿ ಬರೋಕೆ 120 ಕಿ.ಮೀ. ಅಂತ ಇಟ್ಕೊಳ್ಳಿ. ಲೀಟರ್‌ಗೆ 9 ಕಿ.ಮೀ. ಕೊಡೋ ಕಾರಿಗೆ 13.3 ಲೀಟರ್ ಬೇಕು. ಟ್ಯೂನ್ ಮಾಡಿಸಿ 11 ಬಂದ್ರೆ 10.9 ಲೀಟರ್. ಉಳಿತಾಯ 2.4 ಲೀಟರ್. ಈಗ 18 ಕೊಡೋ ಕಾರನ್ನ 20ಕ್ಕೆ ತನ್ನಿ. ಅದೇ 2 ಕಿ.ಮೀ. ಸುಧಾರಣೆ, ಆದ್ರೆ ಉಳಿಯೋದು ಬರೀ ಮುಕ್ಕಾಲು ಲೀಟರ್‌ಗೂ ಕಡಿಮೆ. ಜಾಸ್ತಿ ಕುಡಿಯೋ ಕಾರಿನಲ್ಲೇ ಟ್ಯೂನಿಂಗ್‌ಗೆ ಜಾಸ್ತಿ ಬೆಲೆ. ಅಂಬಾಸಿಡರ್ ಕಾಲದಲ್ಲಿ ಒಳ್ಳೆ ಮೆಕ್ಯಾನಿಕ್‌ಗೆ ಅಷ್ಟು ಮರ್ಯಾದೆ ಯಾಕಿತ್ತು ಅಂತ ಈ ಲೆಕ್ಕವೇ ಹೇಳುತ್ತೆ.

ಆದ್ರೆ ಇಲ್ಲಿ ಒಂದು ಆಸೆಬುರುಕತನದ ಗುಂಡಿಯೂ ಇದೆ. ಜೆಟ್ ನಟ್ ಇನ್ನೂ ಸ್ವಲ್ಪ ಮೇಲೆ ಮಾಡೋಣ, ಇನ್ನೂ ಒಂದು ಕಿ.ಮೀ. ಬರಲಿ ಅಂತ ಹೋದ್ರೆ ಮಿಶ್ರಣ ತೀರಾ ತೆಳುವಾಗುತ್ತೆ, ಎಂಜಿನ್ ಬಿಸಿಯಾಗುತ್ತೆ, ಎಕ್ಸಾಸ್ಟ್ ವಾಲ್ವ್ ಸುಟ್ಟು ಹೋಗುತ್ತೆ. ಪೆಟ್ರೋಲ್‌ನಲ್ಲಿ ಉಳಿಸಿದ್ದು ಹೆಡ್ ಬಿಚ್ಚಿಸೋಕೆ ಹೋಗುತ್ತೆ. ಲಾಭದ ಕಾಲಂ ಮಾತ್ರ ನೋಡಿ ನಷ್ಟದ ಕಾಲಂ ಮುಚ್ಚಿಟ್ಟ ಹಾಗೆ.

ಟ್ಯೂನಿಂಗ್‌ಗೆ ಮಿತಿ ಇದೆ ಅನ್ನೋದು ಕಂಪನಿಗಳಿಗೂ ಸರ್ಕಾರಕ್ಕೂ ಗೊತ್ತಾಯ್ತು. 1978ರಲ್ಲಿ ಪಿಸಿಆರ್‌ಎ, ಅಂದ್ರೆ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ, ಶುರುವಾಯ್ತು. ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಿ, ಟೈರ್ ಗಾಳಿ ನೋಡಿಕೊಳ್ಳಿ ಅಂತ ಅವರು ಹೇಳ್ತಾ ಬಂದ್ರು. 1980ರ ಹೊತ್ತಿಗೆ ಡೀಸೆಲ್ ಅಂಬಾಸಿಡರ್ ಬಂತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಮೈಲೇಜ್ ಅನ್ನೋದು ಮೆಕ್ಯಾನಿಕ್ ಕೈಯಿಂದ ಕಾರು ಕಂಪನಿಯ ಜಾಹೀರಾತಿಗೆ ಹೋಯ್ತು. 2014ರಲ್ಲಿ ಅಂಬಾಸಿಡರ್ ಉತ್ಪಾದನೆಯೇ ನಿಂತಿತು.

ಇಲ್ಲಿಗೆ ಕಥೆ ಮುಗೀತು ಅಂದ್ಕೊಂಡ್ರಾ? ಇಲ್ಲ. ಈಗ ಬಂಕ್‌ಗಳಲ್ಲಿ ಸಿಗ್ತಿರೋದು ಇ20, ಅಂದ್ರೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಅದು ಉರಿಯೋಕೆ ಗಾಳಿಯೂ ಕಡಿಮೆ ಸಾಕು: 1 ಕೆ.ಜಿ.ಗೆ ಸುಮಾರು 9 ಕೆ.ಜಿ. ಹಾಗಾಗಿ ಹಿಂದಿನ ಪೆಟ್ರೋಲ್‌ಗೆ ಟ್ಯೂನ್ ಮಾಡಿದ್ದ ಹಳೆ ಕಾರ್ಬುರೇಟರ್, ಯಾರೂ ಮುಟ್ಟದೇ ಇದ್ರೂ, ಇ20 ಹಾಕಿದ ಕೂಡಲೇ ತೆಳು ಮಿಶ್ರಣಕ್ಕೆ ಹೋಗುತ್ತೆ. ಅದೇ ವಾಲ್ವ್ ಸುಡೋ ಅಪಾಯ, ಈ ಸಲ ಆಸೆಬುರುಕತನ ಇಲ್ಲದೇನೇ.

ಎಸ್‌ಯು ಇದ್ರೆ ಜೆಟ್ ನಟ್ ಸ್ವಲ್ಪ ಕೆಳಗೆ ಮಾಡಿಸಬೇಕು. ಪದ್ಮಿನಿಯ ಸೋಲೆಕ್ಸ್ ಆದ್ರೆ ಸ್ವಲ್ಪ ದೊಡ್ಡ ಮೇನ್ ಜೆಟ್ ಬೇಕಾಗಬಹುದು. ಅದಕ್ಕಿಂತ ಮುಖ್ಯವಾಗಿ, ಎಥನಾಲ್ ಹಳೆ ರಬ್ಬರ್ ತಿನ್ನುತ್ತೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಮೊದಲು ಬದಲಾಯಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕೋದು ಮೈಲೇಜ್ ವಿಷಯ ಅಲ್ಲ, ಬೆಂಕಿ ವಿಷಯ.

1973ರಲ್ಲಿ ಕಾರು ಬದಲಾಯಿಸೋಕಾಗದವರು ಟ್ಯೂನಿಂಗ್ ಕಲಿತ್ರು. ಇವತ್ತು ಪೆಟ್ರೋಲೇ ಬದಲಾಗಿದೆ. ಪ್ಲಗ್ ಬಣ್ಣ ನೋಡಿ ಎಂಜಿನ್ ಹಣೆಬರಹ ಹೇಳೋ ಮೆಕ್ಯಾನಿಕ್‌ಗಳಿಗೆ ವಯಸ್ಸಾಗ್ತಿದೆ. ನಿಮ್ಮೂರಲ್ಲಿ ಅಂಥವರು ಯಾರಾದ್ರೂ ಇದ್ರೆ, ಮನೆ ಹಿಂದೆ ಟಾರ್ಪಾಲು ಹೊದ್ದು ನಿಂತಿರೋ ಕಾರಿನ ಜೊತೆ ಒಂದು ಮಧ್ಯಾಹ್ನ ಅವರ ಹತ್ರ ಹೋಗಿ. ಕೈ ಮಸಿ ಮಾಡ್ಕೊಂಡು ಕಲೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.