‘ಎಡೆ’ – ಒಂದು ಮನೆಮಾತಿನ ವಿಚಾರ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಮನೆಗಳಲ್ಲಿ ‘ಎಡೆ’ ಎಂಬ ಮಾತನ್ನು ಅರಿಯದವರಿಲ್ಲ. ಹಬ್ಬದ ದಿನ ದೇವರಿಗೆ ಎಡೆ ಇಡುತ್ತಾರೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಹಾಕುತ್ತಾರೆ. ಅದೇ ಮನೆಯ ಬೇಸಾಯಗಾರನು ಪೈರಿನ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತಾನೆ. ಮಳೆ ಎಡೆಬಿಡದೆ ಸುರಿಯಿತೆನ್ನುತ್ತಾನೆ. ಬಡಿಸಿದ ಅನ್ನಕ್ಕೂ ಸಾಲಿನ ನಡುವಿಗೂ ಹೊತ್ತಿನ ಬಿಡುವಿಗೂ ಒಂದೇ ಶಬ್ದವು ಸಲ್ಲುವುದೆಂತು?

‘ಎಡೆ’ ಅಚ್ಚ ದ್ರಾವಿಡ ಶಬ್ದ. ತಮಿಳಿನಲ್ಲಿ ‘ಇಡೈ’, ತೆಲುಗಿನಲ್ಲಿ ‘ಎಡ’ ಇದರ ಜ್ಞಾತಿರೂಪಗಳು. ತಮಿಳಿನ ಇಲೈ, ವಿಲೈ ಎಂಬವು ಕನ್ನಡದಲ್ಲಿ ಎಲೆ, ಬೆಲೆ ಎಂದಾಗಿರುವಂತೆಯೇ ಇಡೈ–ಎಡೆಗಳ ಸಂಬಂಧವೂ ಇದೆ. ಹಳಗನ್ನಡದಲ್ಲಿ ಇದಕ್ಕೆ ಸ್ಥಳ, ನಡು, ಅವಕಾಶ, ಸಮಯ ಎಂಬ ಅರ್ಥಗಳುಂಟು. ‘ಎಡ’ (ವಾಮ) ಎಂಬುದು ಬೇರೆ ಶಬ್ದ, ಎರಡನ್ನೂ ಬೆರೆಸಲಾಗದು.

ಅನ್ನವೆಂಬ ಅರ್ಥ ಬಂದುದು ಹೇಗೆ? ಇದನ್ನು ‘ಇಡು’ ಧಾತುವಿಗೆ ಜೋಡಿಸುವ ಮನಸ್ಸಾಗುವುದು ಸಹಜ. ಆದರೆ ಸ್ಥಳವೆಂಬ ಅರ್ಥವನ್ನು ಮೊದಲಿಟ್ಟರೆ ಉಳಿದೆಲ್ಲ ಅರ್ಥಗಳೂ ಒಂದೇ ಸರಣಿಗೆ ಬರುತ್ತವೆ. ಉಣ್ಣುವವನಿಗೆ ಗೊತ್ತುಮಾಡಿದ ತಾಣ ಎಡೆ. ಅಲ್ಲಿ ಹಾಸಿದ ಎಲೆ ಎಡೆ. ಕಡೆಗೆ ಎಲೆಯ ಮೇಲಣ ಪದಾರ್ಥವೂ ಎಡೆ. ‘ಊರೆಲ್ಲ ಬಂದಿತು’ ಎಂದಾಗ ಊರಿನ ಹೆಸರು ಜನಕ್ಕೆ ಸಲ್ಲುವಂತೆ, ಇಲ್ಲಿ ತಾಣದ ಹೆಸರು ಅನ್ನಕ್ಕೆ ಸಂದಿತು.

ಶರಣರು ಈ ಮನೆಮಾತನ್ನು ಅನುಭಾವದ ಎತ್ತರಕ್ಕೊಯ್ದರು. ವಚನಗಳಲ್ಲಿ ಬರುವ ‘ಎಡೆದೆರಹು’ ಎಂಬುದು ಎಡೆ, ತೆರಹು ಎಂಬ ಎರಡು ಪದಗಳ ಸಮಾಸ. ಎರಡಕ್ಕೂ ಬಿಡುವೆಂಬುದೇ ಅರ್ಥ. ಲಿಂಗಾಂಗಗಳ ನಡುವೆ ಎಡೆದೆರಹಿಲ್ಲವೆಂದರೆ ಭೇದಕ್ಕೆ ತಾವೇ ಇಲ್ಲವೆಂದು ತಾತ್ಪರ್ಯ.

ಕುಣಿಗಲು ತಾಲ್ಲೂಕಿನ ಎಡೆಯೂರು, ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ರಚಿಸಿದ ತೋಂಟದ ಸಿದ್ಧಲಿಂಗ ಯತಿಗಳ ಸಮಾಧಿಕ್ಷೇತ್ರ. ಧ್ವನಿಸಾಮ್ಯವೊಂದನ್ನೇ ನಂಬಿ ಊರಿನ ಹೆಸರನ್ನು ದಾಸೋಹದ ಎಡೆಯಿಂದ ಸಾಧಿಸುವುದು ಶಾಸ್ತ್ರಕ್ಕೊಪ್ಪದು. ಸ್ಥಳನಾಮವನ್ನು ಅದರ ಪ್ರಾಚೀನ ಲಿಖಿತರೂಪಗಳಿಂದಲೇ ಬಿಡಿಸಬೇಕು. ಕ್ಷೇತ್ರದ ಮಹಿಮೆಗೆ ಅಂತಹ ಊರೆಗೋಲು ಬೇಕಿಲ್ಲ.

ಶಬ್ದದ ಈ ಚರಿತ್ರೆಯು ಪಂಡಿತರ ವಿನೋದ ಮಾತ್ರವಲ್ಲ. ಎಡೆ ಹಾಕುವುದೆಂದರೆ ಅನ್ನ ನೀಡುವುದಕ್ಕೆ ಮೊದಲು ಸ್ಥಳ ನೀಡುವುದು. ಅನ್ನ ಬಡಿಸಿ ತಾಣವನ್ನು ಬೇರ್ಪಡಿಸಿದರೆ ಅದು ಪಂಕ್ತಿಭೇದ. ಹೊಟ್ಟೆ ತುಂಬಿದರೂ ಮನಸ್ಸಿನ ಗಾಯ ಮಾಯದು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳನ್ನು ಒಂದೇ ಸಾಲಿನಲ್ಲಿ ಕುಳ್ಳಿರಿಸಿ ಉಣಿಸಿದರು. ‘ಎಡೆ’ಯ ಮೂಲಾರ್ಥಕ್ಕೆ ಅದಕ್ಕಿಂತ ಉತ್ತಮವಾದ ವ್ಯಾಖ್ಯಾನವಿರಲಾರದು. ಬಂದವನಿಗೆ ಮನೆಯಲ್ಲಿಯೂ ಮನದಲ್ಲಿಯೂ ಎಡೆಯಿರಬೇಕೆಂಬುದನ್ನು ನುಡಿಯೇ ಕಲಿಸುತ್ತದೆ.