ಆಲ್ಪ್ಸ್‌ನ ಸಮಕಾಲೀನ ಮರದ ಮನೆ

ಸ್ವಿಟ್ಜರ್ಲೆಂಡಿನ ಗ್ರಾವ್‌ಬುಂಡನ್ ಪ್ರಾಂತ್ಯದಲ್ಲಿ ಮರದ ತೊಲೆಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಗಳಲ್ಲಿ ಕಚ್ಚು ಹಾಕಿ ಗೋಡೆ ಕಟ್ಟುವ ಪದ್ಧತಿಗೆ ‘ಸ್ಟ್ರಿಕ್‌ಬೌ’ ಎಂದು ಹೆಸರು. ಈ ಪದ್ಧತಿ ಹಳತಾದರೂ ಇಂದಿನ ಬದುಕಿಗೆ ಒಗ್ಗಬಲ್ಲದು ಎಂಬುದಕ್ಕೆ ವಾಲ್ಸ್ ಕಣಿವೆಯ ಲೈಸ್‌ನಲ್ಲಿ ವಾಸ್ತುಶಿಲ್ಪಿ ಪೀಟರ್ ತ್ಸುಮ್ಟೋರ್ ಕಟ್ಟಿಸಿದ ಮನೆಗಳೇ ಬಲವಾದ ಸಾಕ್ಷಿ. ತೊಲೆಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆದರೆ ಅದರ ಬಿಗಿ ಸಡಿಲಾಗುತ್ತದೆ, ಹಾಗಾಗಿ ಒಳಗೆ ಕತ್ತಲು ತಪ್ಪದು ಎಂಬ ಆಕ್ಷೇಪ ನ್ಯಾಯವಾದದ್ದೇ. ತ್ಸುಮ್ಟೋರ್ ಗೋಡೆಯನ್ನು ಕೊರೆಯಲಿಲ್ಲ. ಚಿಕ್ಕ ಕೋಣೆಗಳನ್ನೇ ಗಟ್ಟಿ ಮರದ ಪೆಟ್ಟಿಗೆಗಳಾಗಿ ನಿಲ್ಲಿಸಿ, ನಡುವಿನ ತೆರವನ್ನು ಅಗಲವಾದ ಗಾಜಿಗೆ ಬಿಟ್ಟರು. ಬೆಟ್ಟದ ನೋಟವೂ ಬಿಸಿಲೂ ಆ ದಾರಿಯಿಂದ ಒಳಬರುತ್ತವೆ.

ಮರ ಒಣಗಿದಂತೆ ನಾರಿಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದ್ದರಿಂದ ಗೋಡೆ ತಗ್ಗುವುದನ್ನು ಮೊದಲೇ ಲೆಕ್ಕಹಾಕಿ ಕಿಟಕಿ ಚೌಕಟ್ಟಿನ ಮೇಲೆ ಸಂದು ಬಿಡಬೇಕು. ಈ ಪದ್ಧತಿ ಬರೀ ಗತಕಾಲದ ಮೋಹವೆನ್ನುವವರು ಅದೇ ಪ್ರಾಂತ್ಯದ ವ್ರಿನ್ ಹಳ್ಳಿಯನ್ನು ನೋಡಬೇಕು. ಬಡಗಿಯಾಗಿ ಪಳಗಿದ ವಾಸ್ತುಶಿಲ್ಪಿ ಜಿಯೋನ್ ಕಮಿನಾಡಾ ಅಲ್ಲಿ ಮನೆಗಳ ಜೊತೆಗೆ ಕೊಟ್ಟಿಗೆ, ಕಸಾಯಿಖಾನೆಗಳನ್ನೂ ಮರದಲ್ಲೇ ರೂಪಿಸಿ, ಊರಿನ ದುಡಿಮೆ ಊರಲ್ಲೇ ಉಳಿಯಲು ನೆರವಾದರು. 1998ರಲ್ಲಿ ಆ ಹಳ್ಳಿಗೆ, ಊರಿನ ಕಟ್ಟಡ ಪರಂಪರೆಯನ್ನು ಕಾಪಾಡಿದ್ದಕ್ಕೆ ಕೊಡುವ ವಕ್ಕರ್ ಪ್ರಶಸ್ತಿ ಸಂದಿತು.