ಹೊಳೆಯ ಕಾವಲು

ನೀರಗಂಟಿ ಎಂದರೆ ಈಗಿನವರಿಗೆ ಬೆಳಿಗ್ಗೆ ಎದ್ದು ವಾಲ್ವು ತಿರುಗಿಸಿ ನಲ್ಲಿಗೆ ನೀರು ಬಿಡುವ ಪಂಚಾಯಿತಿಯ ಆಳು. ನೀರು ಬಾರದ ದಿನ ಬೈಸಿಕೊಳ್ಳುವುದಷ್ಟೇ ಅವನ ಪಾಲಿಗೆ ಉಳಿದಿರುವ ಮರ್ಯಾದೆ. ಆದರೆ ಆ ಹೆಸರು ಬಹಳ ಹಳೆಯದು. ಮೈಸೂರು ಸೀಮೆಯ ಇತಿಹಾಸ ಬರೆದು 1810ರಲ್ಲಿ ಅದರ ಮೊದಲ ಸಂಪುಟವನ್ನು ಹೊರತಂದ ಮಾರ್ಕ್ ವಿಲ್ಕ್ಸ್, ಹಳ್ಳಿಯ ಹನ್ನೆರಡು ಮಂದಿ ಆಯಗಾರರನ್ನು ಎಣಿಸುವಾಗ ಗೌಡ, ಶಾನುಭೋಗ, ತಳವಾರ, ತೋಟಿಯರ ಸಾಲಿನಲ್ಲೇ ನೀರಗಂಟಿಯನ್ನೂ ಕೂರಿಸಿದ್ದಾನೆ. ತೂಬು ಎತ್ತುವುದು, ಗದ್ದೆಗದ್ದೆಗೆ ನೀರು ಹಂಚುವುದು ಅವನ ಎದ್ದು ಕಾಣುವ ಕೆಲಸ. ಕಾಣದ ಕೆಲಸ ಇನ್ನೊಂದಿತ್ತು. ಕೆರೆಯ ಏರಿಯ ಮೇಲೆ ದಿನವೂ ನಡೆದು ಎಲ್ಲಿ ಇಲಿ ಬಿಲ ತೋಡಿದೆ, ಎಲ್ಲಿ ಮಣ್ಣು ಒಸರುತ್ತಿದೆ, ಕೋಡಿಯ ಕಲ್ಲು ಎಲ್ಲಿ ಅಲುಗಿದೆ ಎಂದು ನೋಡುವುದು. ಮಳೆ ಹಿಡಿದ ರಾತ್ರಿ ಊರೆಲ್ಲ ಮಲಗಿದ್ದರೆ ಅವನು ಕಂಬಳಿಕೊಪ್ಪೆ ಹಾಕಿಕೊಂಡು ಏರಿಯ ಮೇಲಿರುತ್ತಿದ್ದ. ಏರಿ ಬೆವರುತ್ತಿದೆ ಎಂದು ಅವನು ಬಂದು ಹೇಳಿದರೆ ಗೌಡ ಎದ್ದು ಬರಲೇಬೇಕಿತ್ತು.

ಈ ಹಳೆಯ ವ್ಯವಸ್ಥೆಯನ್ನು ಹೊಗಳುವ ಉದ್ದೇಶ ನನಗಿಲ್ಲ. ನಮ್ಮ ಕಡೆಯ ಬಹುಪಾಲು ಹಳ್ಳಿಗಳಲ್ಲಿ ಇದು ದಲಿತರ ಕೇರಿಯ ಒಂದೆರಡು ಮನೆಗಳಿಗೆ ಹುಟ್ಟಿನೊಂದಿಗೇ ಅಂಟಿಕೊಂಡು ಬಂದ ಚಾಕರಿ. ಕಣದಲ್ಲಿ ಅಳೆದು ಕೊಡುವ ಒಂದಿಷ್ಟು ಧಾನ್ಯ, ತುಂಡು ಇನಾಮು ಜಮೀನು ಬಿಟ್ಟರೆ ಬೇರೇನೂ ಇಲ್ಲ. ಊರಿನ ನೀರನ್ನೆಲ್ಲ ಹಂಚುತ್ತಿದ್ದವನಿಗೆ ಊರ ಬಾವಿಯಿಂದ ಒಂದು ಬಿಂದಿಗೆ ಸೇದುವ ಹಕ್ಕು ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳನ್ನೆಲ್ಲ ತೆಗೆದುಹಾಕಿದ್ದು ಒಳ್ಳೆಯದೇ ಆಯಿತು. ನಾನು ಗಮನಿಸಬೇಕೆನ್ನುವುದು ಬೇರೊಂದನ್ನು. ನೊಗದ ಜೊತೆಗೆ ಅಧಿಕಾರವೂ ಹೋಯಿತು. ನೀರಿನ ಪಕ್ಕದಲ್ಲೇ ಬದುಕುವ ಒಬ್ಬ ಮನುಷ್ಯ ಕಣ್ಣಾರೆ ಕಂಡದ್ದನ್ನು ಹೇಳಿದರೆ ಅದು ಊರಿನ ದಫ್ತರದ ಮಾತಾಗುತ್ತಿತ್ತಲ್ಲ, ಆ ಸ್ಥಾನ ಇಲ್ಲವಾಯಿತು. ಅದು ಇಲ್ಲವಾದ ಹತ್ತಿಪ್ಪತ್ತು ವರ್ಷಗಳೊಳಗೆ ಅದು ಬೇಕಾಗುವಂಥ ಕಾಲ ಬಂತು.

ನಮ್ಮ ತಿರುಮಕೂಡಲಿಗೆ ಕಪಿಲೆ ಬರುವುದು ನಂಜನಗೂಡನ್ನು ಹಾದು. ಅಲ್ಲಿ ಶ್ರೀಕಂಠೇಶ್ವರನ ಪಾದ ತೊಳೆದ ನೀರೇ ಇಲ್ಲಿ ಕಾವೇರಿಯನ್ನು ಕೂಡುತ್ತದೆ. ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅಂದಿನಿಂದ ಬೇಸಿಗೆಯಲ್ಲಿ ಹೊಳೆಯ ಪಾತ್ರದಲ್ಲಿ ಹರಿಯುವುದು ಕಟ್ಟೆಯಿಂದ ಬಿಟ್ಟಷ್ಟೇ ನೀರು. ಆಮೇಲೆ ನಂಜನಗೂಡಿನ ಸುತ್ತ ಕೈಗಾರಿಕಾ ಪ್ರದೇಶ ಬೆಳೆಯಿತು. ಕಾಗದ, ಔಷಧಿ, ಕಾಫಿಪುಡಿ, ನೂಲು. ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳಿಗೆ ಅನ್ನ ಅಲ್ಲಿಂದಲೇ ಬರುತ್ತದೆ, ಅದನ್ನು ಮರೆತು ಮಾತನಾಡುವುದು ಸರಿಯಲ್ಲ. ಹೊಳೆ ಕೆಡುವುದರಲ್ಲಿ ಊರಿನ ಚರಂಡಿಗಳ ಪಾಲೂ ಸಣ್ಣದಲ್ಲ. ಅದೇನೇ ಇರಲಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ಕಲುಷಿತ ನದೀಪಾತ್ರಗಳೆಂದು 351ನ್ನು ಗುರುತಿಸಿದಾಗ ಕರ್ನಾಟಕದ ಲೆಕ್ಕಕ್ಕೆ 17 ಬಂದವು; ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಬಿನಿ ಅವುಗಳಲ್ಲಿ ಒಂದು.

ಮಂಡಳಿಯ ಅಳತೆಗೋಲು ಬಿಓಡಿ. ನೀರಿನಲ್ಲಿರುವ ಕೊಳೆಯನ್ನು ತಿಂದು ಅರಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬ ಲೆಕ್ಕ. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಸ್ನಾನಕ್ಕೆ ಆಗದು ಎಂದು ಅರ್ಥ. ಇದನ್ನು ತಿಳಿಯಲು ನಮ್ಮ ಪ್ರಯೋಗಾಲಯಗಳಲ್ಲಿ ಸೀಸೆಯನ್ನು 27 ಡಿಗ್ರಿ ಶಾಖದಲ್ಲಿ ಮೂರು ದಿನ ಇಡಬೇಕು. ಒಳ್ಳೆಯ ಪರೀಕ್ಷೆಯೇ, ಆದರೆ ಮೀನು ಸಾಯಲು ಮೂರು ದಿನ ಬೇಡ.

ಸಂಗಮದ ಹತ್ತಿರ ಹರಿಗೋಲು ಹಾಕುವ ಹಿರಿಯರೊಬ್ಬರನ್ನು ನೀರು ಕೆಟ್ಟದ್ದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. ಬಲೆ ಲೋಳೆ ಹಿಡಿಯುತ್ತದೆ ಎಂದರು. ಇನ್ನೂ ಬೆಳಕು ಹರಿಯುವ ಮುಂಚೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ ಎಂದರು. ಇದಕ್ಕೆ ಶಾಸ್ತ್ರದ ಆಧಾರವೂ ಇದೆ. ರಾತ್ರಿಯಲ್ಲಿ ಪಾಚಿ ಮತ್ತು ಜಲಸಸ್ಯಗಳು ಆಮ್ಲಜನಕವನ್ನು ಕೊಡುವುದಿಲ್ಲ, ಬಳಸುತ್ತವೆ; ಹೀಗಾಗಿ ನೀರಿನಲ್ಲಿ ಅದು ತೀರ ಕಡಿಮೆಯಾಗುವುದು ಬೆಳಗಿನ ಜಾವಕ್ಕೆ. ಬಿಸಿಲೇರಿದ ಮೇಲೆ ಮತ್ತೆ ಏರುತ್ತದೆ. ಸಾಹೇಬರ ಜೀಪು ಹನ್ನೊಂದು ಗಂಟೆಗೆ ಬಂದರೆ ಹೊಳೆ ಆಗಲೇ ಅರ್ಧ ಚೇತರಿಸಿಕೊಂಡಿರುತ್ತದೆ.

ಹಾಗಾದರೆ ಆ ಹಿರಿಯರೇ ಬೆಳಗಿನ ಜಾವ ಒಂದು ಸೀಸೆ ತುಂಬಿಸಿಟ್ಟುಕೊಂಡರೆ ಆಗದೆ? ಆಗದು. 1974ರ ಜಲ ಮಾಲಿನ್ಯ ಕಾಯಿದೆಯ 21ನೆಯ ಕಲಮಿನ ಪ್ರಕಾರ ಕಾರ್ಖಾನೆಯ ಕೊಳೆನೀರಿನ ಮಾದರಿಯನ್ನು ಮಂಡಳಿಯೋ ಅದು ಅಧಿಕಾರ ಕೊಟ್ಟ ನೌಕರನೋ ತೆಗೆಯಬೇಕು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕಾರ್ಖಾನೆಯವರಿಗೆ ತಿಳಿಸಬೇಕು. ಅವರ ಎದುರಿಗೆ ಎರಡು ಪಾಲು ಮಾಡಿ ಮೊಹರು ಹಾಕಬೇಕು. ಈ ಕ್ರಮ ತಪ್ಪಿದರೆ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಸುಳ್ಳು ಆರೋಪದಿಂದ ಉದ್ದಿಮೆದಾರನನ್ನು ಕಾಪಾಡಲು ಇಂಥ ನಿಯಮ ಬೇಕು, ಒಪ್ಪುತ್ತೇನೆ. ಆದರೆ ಹೊಳೆಯನ್ನು ದಿನವೂ ನೋಡುವವನ ಸೀಸೆ ಇದರಿಂದ ಬರಿಯ ಸೀಸೆಯಾಯಿತು. 1988ರ ತಿದ್ದುಪಡಿ ಅರವತ್ತು ದಿನಗಳ ನೋಟೀಸು ಕೊಟ್ಟು ಯಾರು ಬೇಕಾದರೂ ನ್ಯಾಯಾಲಯಕ್ಕೆ ಹೋಗಬಹುದೆಂದಿತು. ಹೋಗುವ ದಾರಿ ತೆರೆಯಿತು, ಒಯ್ಯುವ ಸಾಕ್ಷ್ಯ ಮಾತ್ರ ಹಳೆಯ ಬೀಗದೊಳಗೇ ಉಳಿಯಿತು. 2014ರಲ್ಲಿ ಕೇಂದ್ರ ಮಂಡಳಿ ಅತಿ ಮಾಲಿನ್ಯದ 17 ಬಗೆಯ ಉದ್ದಿಮೆಗಳು ಹಗಲಿರುಳೂ ಅಳೆಯುವ ಯಂತ್ರಗಳನ್ನು ಕೂರಿಸಬೇಕೆಂದು ಆದೇಶ ಹೊರಡಿಸಿತು. ಯಂತ್ರ ನಿದ್ದೆ ಮಾಡುವುದಿಲ್ಲ ಎನ್ನುವುದು ನಿಜ, ಆದರೆ ಅದು ಕೂತಿರುವುದು ಕಾರ್ಖಾನೆಯ ಗೇಟಿನ ಒಳಗೆ.

ಇದೇ ಪ್ರಶ್ನೆಯನ್ನು ಕನ್ನಡ ನಾಡು ದೊಡ್ಡದಾಗಿ ಎದುರಿಸಿದ್ದು ತುಂಗಭದ್ರೆಯ ದಂಡೆಯಲ್ಲಿ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಕೆಲಸ ಆರಂಭಿಸಿತು. ನಲವಾಗಿಲು, ಐರಣಿಗಳಂಥ ಊರಿನ ಜನ ನೀರಿನ ಬಣ್ಣ ಬದಲಾದದ್ದನ್ನು, ಮೀನು ಸತ್ತು ತೇಲಿದ್ದನ್ನು, ಮಿಂದ ಮೈ ತುರಿಸಿದ್ದನ್ನು ಹೇಳುತ್ತಲೇ ಬಂದರು. ಧಾರವಾಡದಲ್ಲಿ ಎಸ್. ಆರ್. ಹಿರೇಮಠರು 1984ರಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಇದೂ ಒಂದು. ಅವರು ಮಾಡಿದ್ದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೊಕದ್ದಮೆಯಲ್ಲ. ಬೆಸ್ತರ, ಅಗಸರ, ದನ ಕಾಯುವವರ ಮಾತನ್ನು ಊರೂರು ತಿರುಗಿ ಕೂಡಿಸಿದ್ದು. ಅದೇ ಕಾರ್ಖಾನೆಗೆ ಮರ ಒದಗಿಸಲು ಹೊರಟ ಕರ್ನಾಟಕ ಪಲ್ಪ್‌ವುಡ್ ಕಂಪನಿಯ ವಿರುದ್ಧ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಬಹಳ ಹೆಸರಾಯಿತು, ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು. ಹೊಳೆಯ ಕಥೆ ಹಾಗೆ ಮುಗಿಯಲಿಲ್ಲ. 2018ರ ಪಟ್ಟಿಯಲ್ಲಿ ಹರಿಹರದಿಂದ ಕೊರ್ಲಹಳ್ಳಿಯವರೆಗಿನ ತುಂಗಭದ್ರೆಯೂ ಇದೆ. ಕಿತ್ತ ಸಸಿಯನ್ನು ಎಣಿಸಬಹುದು, ಕೆಟ್ಟ ನೀರು ಮರುದಿನ ಹರಿದುಹೋಗಿರುತ್ತದೆ.

ಬೇರೆ ದೇಶಗಳಲ್ಲಿ ಇದಕ್ಕೆ ಒಂದು ಹುದ್ದೆಯನ್ನೇ ಮಾಡಿದ್ದಾರೆ. ಕೆನಡಾದ ಉತ್ತರದ ಹಿಮದ ಬಯಲಿನಲ್ಲಿ ಲಾಕ್ ಡೆ ಗ್ರಾ ಎಂಬ ಸರೋವರದ ನಡುವೆ ಡಯಾವಿಕ್ ವಜ್ರದ ಗಣಿ 2003ರಲ್ಲಿ ಉತ್ಪಾದನೆ ಶುರುಮಾಡಿತು. ಅದಕ್ಕೂ ಮುಂಚೆಯೇ, 2000ದಲ್ಲಿ, ಸರ್ಕಾರ, ಕಂಪನಿ ಮತ್ತು ಅಲ್ಲಿನ ಮೂಲನಿವಾಸಿಗಳಾದ ಡೆನೆ, ಟ್ಲಿಚೊ, ಇನ್ಯೂಟ್, ಮೇಟಿ ಜನರ ನಡುವೆ ಪರಿಸರ ಒಪ್ಪಂದವಾಗಿ, ಅವರ ಪ್ರತಿನಿಧಿಗಳಿರುವ ಸಲಹಾ ಮಂಡಳಿ ರಚನೆಯಾಯಿತು. ವಿಜ್ಞಾನಿಗಳು ನೀರನ್ನು ಸೀಸೆಗೆ ತುಂಬಿಸುವುದರ ಜೊತೆಗೆ ಕೆಲವು ವರ್ಷಗಳಿಗೊಮ್ಮೆ ಹಿರಿಯರು ಸರೋವರದ ದಡದಲ್ಲಿ ಬಿಡಾರ ಹೂಡಿ ಮೀನು ಹಿಡಿದು, ಕಿವಿರು ಕರುಳು ನೋಡಿ, ಬೇಯಿಸಿ ತಿಂದು ರುಚಿ ಹೇಗಿದೆ ಎಂದು ಹೇಳುತ್ತಾರೆ. ಅದನ್ನು ವರದಿಯಲ್ಲಿ ಬರೆದುಕೊಳ್ಳುತ್ತಾರೆ. ಕೇಳಿದರೆ ನಗು ಬರಬಹುದು, ಮೀನಿನ ಸಾರು ಉಂಡು ಸರ್ಕಾರಿ ವರದಿ! ನನಗಂತೂ ಇದು ಬಹಳ ಗಂಭೀರವಾದ ವಿಷಯವೆನಿಸುತ್ತದೆ. ಆ ಸರೋವರದ ಮೀನು ಮೊದಲು ಹೇಗಿತ್ತು ಎಂಬುದು ಯಾವ ಪ್ರಯೋಗಾಲಯದ ಪುಸ್ತಕದಲ್ಲೂ ಇಲ್ಲದಷ್ಟು ಹಿಂದಿನಿಂದ ಆ ನಾಲಗೆಗಳಿಗೆ ಗೊತ್ತಿದೆ. ಗಣಿ ಇದರಿಂದ ನಿಂತಿತೆಂದಲ್ಲ. ಕಂಡವನ ಮಾತಿಗೆ ಕಾಗದದ ಮೇಲೆ ಒಂದು ಸ್ಥಾನ ಸಿಕ್ಕಿತು, ಅಷ್ಟೇ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು 1990ರ ದಶಕದಿಂದ ವಿಜ್ಞಾನಿಗಳ ಜೊತೆ ಸೇರಿ ಕಾಡನ್ನು ಅಳೆದವರು. ನೆಲ್ಲಿಕಾಯಿ ಕೊಯ್ಲಿಗೆ ಮುನ್ನ ಫಸಲು ಎಷ್ಟಿದೆ ಎಂದು ಅಂದಾಜಿಸುವುದು, ಕೊಯ್ದ ಮೇಲೆ ಸಸಿ ಎಷ್ಟು ಎದ್ದಿವೆ ಎಂದು ನೋಡುವುದು. ಕಾಡಿಗೆ ತರಗುಬೆಂಕಿ ಹಾಕುವುದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬದನಿಕೆ ಹತ್ತಿತು ಎಂದು ಅವರು ಹೇಳಿದ್ದನ್ನು ಸಂಶೋಧಕರು ಪರೀಕ್ಷೆಗೆ ಎತ್ತಿಕೊಂಡರು. ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯ ನಂತರ ಅಭಯಾರಣ್ಯದಿಂದ ಮಾರಾಟಕ್ಕೆ ನೆಲ್ಲಿ ತರುವುದೇ ನಿಂತಾಗ ಈ ಅಳತೆಗೂ ಪೆಟ್ಟು ಬಿತ್ತು. ಕಡೆಗೆ 2011ರ ಅಕ್ಟೋಬರ್ 2ರಂದು 2006ರ ಅರಣ್ಯ ಹಕ್ಕು ಕಾಯಿದೆಯಡಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಆ ಕಾಯಿದೆಯ 5ನೆಯ ಕಲಮು ಗ್ರಾಮಸಭೆಗೆ ಕಾಡನ್ನು, ವನ್ಯಜೀವಿಗಳನ್ನು ಕಾಯುವ ಅಧಿಕಾರ ಕೊಡುತ್ತದೆ. ನೀರಿನ ಸೆಲೆಗಳನ್ನೂ ಜಲಾನಯನವನ್ನೂ ಬಾಯಿಬಿಟ್ಟು ಹೆಸರಿಸುತ್ತದೆ. ಬೆಟ್ಟದ ಮೇಲಿನ ಹಳ್ಳಕ್ಕೆ ಹೀಗೆ ಕಾನೂನಿನ ಕಾವಲುಗಾರ ಸಿಕ್ಕಿದ್ದಾನೆ.

ಬಯಲಿನಲ್ಲಿ ಕಲ್ಲಿಗೆ ಕಾವಲಿದೆ. 1258ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯದ ಸುತ್ತ ನೂರು ಮೀಟರಿನೊಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂರು ಮೀಟರಿನಲ್ಲಿ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳಿತು. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಅದು ಸೇರಿತು. ಒಬ್ಬ ನೌಕರ ಬಾಗಿಲಲ್ಲಿ ಕೂತಿರುತ್ತಾನೆ. ಬಳಪದ ಕಲ್ಲಿನ ಮೂಗು ಮುರಿದರೆ ಅವನು ವರದಿ ಬರೆಯಬೇಕು. ಬೇಕಾದ ಕೆಲಸವೇ.

2019ರಲ್ಲಿ ಬಂದ ಜಲ ಜೀವನ ಯೋಜನೆಯಲ್ಲಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ಕಿಟ್ಟು ಕೊಟ್ಟು ತರಬೇತಿ ಮಾಡುವ ಏರ್ಪಾಡಿದೆ. ಸಣ್ಣ ಪೆಟ್ಟಿಗೆ, ಅದರಲ್ಲಿ ಹುಳಿ ಕ್ಷಾರ ನೋಡುವ ದ್ರವ, ಫ್ಲೋರೈಡು, ನೈಟ್ರೇಟು, ಕಬ್ಬಿಣ ನೋಡುವ ಪುಡಿಗಳು, ಬಣ್ಣ ಹೋಲಿಸುವ ಪಟ್ಟಿ. ಹೆಣ್ಣುಮಕ್ಕಳು ಬೇಗ ಕಲಿಯುತ್ತಾರೆ. ಅವರು ಪರೀಕ್ಷಿಸಬೇಕಾದದ್ದು ನಲ್ಲಿಯ ನೀರನ್ನು, ಕೊಳವೆಬಾವಿಯ ನೀರನ್ನು. ಅದೇ ಊರಿನ ಹಿಂದೆ ಕಾಲುವೆ ಬಂದು ಹೊಳೆ ಸೇರುವ ಜಾಗ ಆ ಕಿಟ್ಟಿನ ಪಟ್ಟಿಯಲ್ಲಿಲ್ಲ.